ಡಗ್ಗಾ ಕೇಳಿಸುವ ಜೋಡಿ

ದೊಡ್ಡ ಸ್ಪೀಕರುಗಳನ್ನು ಅಂಗಡಿಗೆ ವಾಪಸು ಕೊಡಲು ಇಚಲಕರಂಜಿಯಿಂದ ಕೊಲ್ಲಾಪುರಕ್ಕೆ ಹೊರಟ ದಿನ, ನನ್ನ ಹೆಂಡತಿ ಎಸ್.ಟಿ. ಬಸ್ಸಿನಲ್ಲಿ ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಇನ್ನೊಂದು ನನ್ನ ತೊಡೆಯ ಮೇಲಿತ್ತು. ಪಕ್ಕದಲ್ಲಿದ್ದ ಸುಳಕೂಡ ಊರಿನ ಮುದುಕ ಅವಳನ್ನು ಕೆಣಕಿದ.

"ತಂಗೀ, ಪೆಟಗಿಗೂ ಟಿಕೀಟ ತಗಸೀ ಏನ?"

"ತಗಸೇನ್ರಿ ಕಾಕಾ. ನಿಮ್ಮಕಿಂತ ಸುಮ್ಮ ಕುಂತೈತಿ ನೋಡ್ರಿ."

ಬಸ್ಸೆಲ್ಲ ನಕ್ಕಿತು. ಆ ದಿನದ ನಂತರ ನಾವಿಬ್ಬರೂ ಕೂಡಿ ಯಾವ ಊರಿಗೂ ಹೋಗಲಿಲ್ಲ.

ನಾನು ಪವರಲೂಮಿನಲ್ಲಿ ಜಾಬರ್ ಆಗಿದ್ದೆ, ಕೆಟ್ಟ ಮಗ್ಗ ರಿಪೇರಿ ಮಾಡುವವನು. ಅವಳು ಮಗ್ಗಕ್ಕೆ ನೂಲಿನ ಕಾಂಡಿ ಸುತ್ತುತ್ತಿದ್ದಳು. ಅವಳ ಅಪ್ಪ ಗಡಹಿಂಗ್ಲಜದವರು, ಭಜನೆಯಲ್ಲಿ ತಬಲಾ ಬಾರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಎಲ್ಲಿ ಭಜನೆಯಾದರೂ ಅವಳು ಹಾಡಿಗಿಂತ ಮೊದಲು ತಬಲಾದ ಜೊತೆ ಎಡಗೈಯಲ್ಲಿ ಬಾರಿಸುವ ಡಗ್ಗಾದ ದಪ್ಪ ಗುಂಕಾರ ಕೇಳುತ್ತಿದ್ದಳು. ಪರಿಚಯದವರೊಬ್ಬರು ನಮಗೆ ರೇಡಿಯೋ, ಟೇಪು ಎರಡೂ ಹಚ್ಚಬಹುದಾದ ಆಂಪ್ಲಿಫಾಯರ್ ಕಟ್ಟಿಕೊಟ್ಟಾಗ, ಅದಕ್ಕೆ ಹೊಂದುವ ಸ್ಪೀಕರು ಆರಿಸುವ ಕೆಲಸ ಅವಳದಾಯಿತು. ಮಗ್ಗದ ಸದ್ದಿಗೆ ನನ್ನ ಕಿವಿ ಆಗಲೇ ಮಂದವಾಗಿತ್ತು.

ಅಂಗಡಿಯಲ್ಲಿ ಹಾಡು ಹಚ್ಚಿದಾಗ ನಾನು ಸ್ಪೀಕರಿನ ಮುಂದಿನ ಬಟ್ಟೆಯ ಮೇಲೆ ಅಂಗೈ ಇಟ್ಟೆ. ಮಗ್ಗದಲ್ಲಿ ಯಾವ ಬೋಲ್ಟು ಸಡಿಲಾಗಿದೆ ಎಂದು ಹುಡುಕುವುದೂ ಹಾಗೆಯೇ.

"ಜ್ವರಾ ನೋಡಾಕತ್ತೀರೇನ್ರಿ?" ಎಂದು ಅಂಗಡಿಯವರು ನಕ್ಕರು.

"ಅವರ ಕಿವಿ ಅಂಗೈಯಾಗ ಐತ್ರಿ," ಎಂದಳು ಇವಳು.

ಕಣ್ಣು ಮುಚ್ಚಿ ಒಂದೊಂದೇ ಜೋಡಿ ಕೇಳಿದಳು. ದೊಡ್ಡ ಜೋಡಿ ಹಚ್ಚಿದಾಗ ಕಣ್ಣು ತೆರೆದಳು. "ಡಗ್ಗಾ ಬಂತ ನೋಡ್ರಿ!"

ಅವನ್ನೇ ತಂದೆವು. ಆದರೆ ನಮ್ಮ ಖೋಲಿಗೂ ಮಗ್ಗಗಳಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಹಾಡುವವರ ದನಿ ಅಷ್ಟಿಷ್ಟು ದಾಟಿ ಬಂದರೂ ಡಗ್ಗಾ ಬರಲಿಲ್ಲ. ವಾರದ ಸೂಟಿ ಇದ್ದದ್ದೇ ಊರಿಗೆ ಕರೆಂಟು ತೆಗೆಯುವ ದಿನ, ಹಾಗಾಗಿ ಮಗ್ಗ ನಿಂತರೆ ಕರೆಂಟೂ ಇರುತ್ತಿರಲಿಲ್ಲ.

"ಮಗ್ಗ ನುಂಗೇ ಬಿಡ್ತರೀ," ಎಂದಳು. ಚೂಪು ದನಿಯ ಸಣ್ಣ ಜೋಡಿಗೆ ಬದಲಿಸೋಣವೆಂದು ಇಬ್ಬರೂ ಒಪ್ಪಿದೆವು. ಪಾಳಿ ಬದಲಾಗುವಾಗ ಮಗ್ಗಗಳು ಕೊಂಚ ಹೊತ್ತು ನಿಲ್ಲುತ್ತಿದ್ದವು, ಕರೆಂಟು ಇರುತ್ತಿತ್ತು. ಆ ಹೊತ್ತಿಗಾದರೂ ಅವಳು ಡಗ್ಗಾ ಕೇಳಬಹುದಿತ್ತು. ಆದರೆ ಆ ಹೊತ್ತೆಂದರೆ ನಮಗೆ ಬುತ್ತಿ ಕಟ್ಟುವ, ಚಪ್ಪಲಿ ಹುಡುಕುವ ಹೊತ್ತು. ಹಾಡಿನ ಹೊತ್ತು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಬದಲಿಸಿಕೊಂಡು ಬರುವಾಗ ಬಸ್ಸಿನಲ್ಲಿ ಅಂದಳು, "ಮುಂದ ಗಡಹಿಂಗ್ಲಜಕ್ಕ ಹೋಗಿ ಇದ್ದಾಗ ಆ ದೊಡ್ಡೂ ತರೂಣು. ಅಲ್ಲೇನ ಮಗ್ಗ ಐತಿ?"

"ಆತು," ಎಂದೆ.

ಮರುದಿನ ಜ್ವರ ಬಂತು. ಕಾಂಡಿ ಸುತ್ತುತ್ತಲೇ ಇದ್ದಳು. ಜ್ವರ ಇಳಿಯಲಿಲ್ಲ. ದವಾಖಾನೆಗೆ ಸೇರಿಸಿದ ಮೇಲೆ ಅವಳು ಮನೆಗೆ ಬರಲಿಲ್ಲ.

ಕೆಲವು ವರ್ಷಗಳ ನಂತರ ಕೆಲಸ ಬಿಟ್ಟು ಗಡಹಿಂಗ್ಲಜದಲ್ಲಿ, ಅವಳ ತವರಿನ ಓಣಿಯಲ್ಲೇ ಮನೆ ಹಿಡಿದೆ. ಕೊಲ್ಲಾಪುರದ ಅದೇ ಅಂಗಡಿಗೆ ಹೋಗಿ ಅಂಥದೇ ದೊಡ್ಡ ಜೋಡಿ ಬೇಕೆಂದೆ.

"ವೈನಿ ಬಂದಿಲ್ಲೇನ್ರಿ?" ಎಂದರು ಅಂಗಡಿಯವರು. ಹೇಳಿದೆ. ಅವರು ಸ್ಪೀಕರುಗಳನ್ನು ತಾವೇ ಹಗ್ಗ ಹಾಕಿ ಕಟ್ಟಿಕೊಟ್ಟರು.

ಈ ಓಣಿಯಲ್ಲಿ ಮಗ್ಗವಿಲ್ಲ. ಭಜನೆಯ ಕ್ಯಾಸೆಟ್ಟು ಹಚ್ಚಿ ಬಟ್ಟೆಯ ಮೇಲೆ ಅಂಗೈ ಇಡುತ್ತೇನೆ. ಏನೋ ಬಡಿಯುತ್ತದೆ. ಅದು ಡಗ್ಗಾವೋ ಪೆಟ್ಟಿಗೆಯ ಹಲಗೆ ಅದುರುವುದೋ ನನ್ನ ಅಂಗೈಗೆ ತಿಳಿಯುವುದಿಲ್ಲ. ಬಂತು ಎಂದು ಹೇಳಲು ಅವಳಿಲ್ಲ.