ಎಪ್ಪತ್ತಮೂರರ ಗೋಲು

ಕಾಪುವಿನಲ್ಲಿ ಯಾರ ಹತ್ತಿರವೂ ಎಪ್ಪತ್ತಮೂರರ ಫುಟ್ಬಾಲ್ ಫೈನಲಿನ ಮಾತೆತ್ತಬೇಡಿ. ಎತ್ತಿದಿರೋ, ನಿಮ್ಮ ಬಸ್ಸು ತಪ್ಪಿತೆಂದೇ ಲೆಕ್ಕ. ಸುಗ್ಗಿ ಕೊಯ್ಲು ಮುಗಿದ ಭುಜಂಗಣ್ಣನ ಗದ್ದೆ, ಗಾಳಿಮರದ ಗೋಲುಕಂಬ, ಮಲ್ಪೆಯವರ ಆನೆಯಂಥ ಗೋಲ್‌ಕೀಪರ್, ಆಟ ಮುಗಿಯಲು ಎರಡೇ ನಿಮಿಷ. ಆಗ ಕ್ಲಾರೆನ್ಸ್ ಮಥಾಯಸ್ ಬರಿಗಾಲಲ್ಲಿ ಹೊಡೆದ ಚೆಂಡು ನೇರ ಕೀಪರನ ಕೈಗೇ ಹೋಗುತ್ತಿದ್ದದ್ದು, ಫಕ್ಕನೆ ಎಡಕ್ಕೆ ತಿರುಗಿ ಒಳಗೆ! "ಅದು ಕಾಲಲ್ಲ ಮಾರಾಯ, ಮಂತ್ರ" ಎಂದು ಅವತ್ತು ಶುರುವಾದ ಮಾತು ಹದಿಮೂರು ವರ್ಷವಾದರೂ ನಿಂತಿರಲಿಲ್ಲ.

ಆ ಕಾಲಿನ ಒಡೆಯ ಮಾತ್ರ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗಿ, ಹಾಸ್ಟೆಲಿನ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಸಾಂಬಾರು ಕುದಿಸುತ್ತಿದ್ದ. ದಿಲ್ಲಿಯಿಂದಲೋ ಕಲ್ಕತ್ತದಿಂದಲೋ ಬಂದ ಆ ಮಕ್ಕಳಿಗೆ ಅವನು ಬರೀ 'ಕುಕ್'. ಹೆಸರು ಕೂಡ ಗೊತ್ತಿಲ್ಲ. ಸಂಜೆ ಕಾಪುವಿನಲ್ಲಿ ಇಳಿದಾಗ ಯಾರಾದರೂ "ಹೋಯ್, ಎಪ್ಪತ್ತಮೂರು!" ಎಂದು ಕರೆದರೆ ಸಾಕು, ಇಡೀ ದಿನ ಒಗ್ಗರಣೆ ಹೊಗೆ ಕುಡಿದ ಜೀವ ತಂಪಾಗುತ್ತಿತ್ತು.

ಹಾಗಿರುವಾಗ ಎಂಬತ್ತಾರರಲ್ಲಿ ಕ್ಲಬ್ಬಿನ ಸೆಕ್ರೆಟರಿ ಉಮಾನಾಥನ ತಲೆಗೆ ಒಂದು ಹುಳ ಹೊಕ್ಕಿತು. ಗದ್ದೆಯ ಮೂಲೆಯಲ್ಲಿ ಕ್ಲಾರೆನ್ಸಣ್ಣನ ಕಲ್ಲಿನ ಪ್ರತಿಮೆ! ಬದುಕಿರುವವನಿಗೆ ಪ್ರತಿಮೆಯೇ ಎಂದು ಅರ್ಧ ಕ್ಲಬ್ಬು. ಸತ್ತ ಮೇಲೆ ಮಾಡಿದರೆ ಅವನಿಗೆಂತ ಸಿಗ್ತದೆ ಎಂದು ಇನ್ನರ್ಧ. ಕ್ಲಾರೆನ್ಸನ ಹೆಂಡತಿ ಬರ್ತಾ ಬಿದ್ದು ಬಿದ್ದು ನಕ್ಕಳು. "ಇಗರ್ಜಿಯಲ್ಲಿ ಸಂತರಿಗೆ ಪ್ರತಿಮೆ ಉಂಟು. ನೀವು ಯಾವ ಸಂತರು? ಮೀನು ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ದೂಡುವ ಸಂತರಾ?"

"ಅದೆಲ್ಲ ಎಂತಕ್ಕೆ" ಎಂದ ಕ್ಲಾರೆನ್ಸ್. ಸುಳ್ಳು! ಅವನಿಗೆ ಅದು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಬಸ್ಸಿನಲ್ಲಿ ಕುಳಿತಾಗಲೂ ಬಲಗಾಲನ್ನು ಸ್ವಲ್ಪ ಮುಂದಿಟ್ಟೇ ಕುಳಿತುಕೊಳ್ಳುತ್ತಿದ್ದ.

ಒಂದು ಆದಿತ್ಯವಾರ ಉಮಾನಾಥ ಅವನನ್ನು ಕಾರ್ಕಳಕ್ಕೆ, ಶಿಲ್ಪಿ ವಾಸು ಆಚಾರ್ಯರ ಹತ್ತಿರ ಕರೆದುಕೊಂಡು ಹೋದ. ಆಚಾರ್ಯರದು ಮಾತು ಕಡಿಮೆ. ನೂಲು ಹಿಡಿದು ಮೊಣಕಾಲು ಅಳೆದರು, ಪಾದ ಅಳೆದರು. ಆಮೇಲೆ ತಲೆಯೆತ್ತಿ ಕೇಳಿದರು: "ಚೆಂಡು ಎಡಕ್ಕೆ ತಿರುಗಿತು ಅಂತೀರಿ. ಹಾಗಾದರೆ ಹೊಡೆಯುವಾಗ ಪಾದ ಹೇಗಿತ್ತು? ಒಳಗೆ ತಿರುಗಿತ್ತಾ, ಹೊರಗಾ? ಕಲ್ಲಿನಲ್ಲಿ ತಪ್ಪಿದರೆ ಅಳಿಸಲಿಕ್ಕೆ ಬರುವುದಿಲ್ಲ ನೋಡಿ."

ಕ್ಲಾರೆನ್ಸ್ ತನ್ನ ಪಾದವನ್ನೇ ನೋಡಿದ. ಪಾದ ಒಳಗೂ ಇರಲಿಲ್ಲ, ಹೊರಗೂ ಇರಲಿಲ್ಲ. ನೆಟ್ಟಗೇ ಇತ್ತು. ಚೆಂಡನ್ನು ತಿರುಗಿಸಿದ್ದು ಅವನ ಕಾಲಲ್ಲ, ಗೋಲಿನ ಮುಂದೆ ಗೇಣುದ್ದ ಗಟ್ಟಿಯಾಗಿ ನಿಂತಿದ್ದ ಒಂದು ಭತ್ತದ ಕೂಳೆ. ಉಳಿದದ್ದನ್ನೆಲ್ಲ ನೆಲಮಟ್ಟಕ್ಕೆ ಕೊಯ್ದಿದ್ದರು, ಅದೊಂದು ಬುಡ ಹಾಗೇ ಉಳಿದಿತ್ತು. ಚೆಂಡು ಅದಕ್ಕೆ ತಾಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆದರೆ ಅಷ್ಟರಲ್ಲಿ ಊರೇ ಬಂದು ಅವನನ್ನು ಹೆಗಲ ಮೇಲೆ ಕೂರಿಸಿತ್ತು. ಹೆಗಲ ಮೇಲೆ ಕುಳಿತವನು ಅದನ್ನೆಲ್ಲ ಹೇಗೆ ಹೇಳುವುದು? ಆಮೇಲೆ ಹೇಳುವ ದಿನ ಬರಲೇ ಇಲ್ಲ.

"ನೆನಪು ಮಾಡಿ ಹೇಳುತ್ತೇನೆ" ಎಂದು ಅವನು ಆಚಾರ್ಯರ ಅಂಗಳದಿಂದ ಎದ್ದು ಬಂದ. ದಾರಿಯಲ್ಲಿ ಉಮಾನಾಥ ಖುಷಿಯಲ್ಲಿ ಹೇಳಿದ, "ಕುಶಲಕ್ಕ ನೇಜಿ ಹಾಕುವ ಮೂಲೆಯನ್ನೇ ಬಿಟ್ಟುಕೊಟ್ಟಿದ್ದಾರೆ ಕ್ಲಾರೆನ್ಸಣ್ಣ!" ಭುಜಂಗಣ್ಣ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಗದ್ದೆ ಈಗ ಅವನ ಹೆಂಡತಿ ಕುಶಲಕ್ಕನದು. ಇಡೀ ಗದ್ದೆಯಲ್ಲಿ ಭತ್ತದ ಸಸಿ ಎಬ್ಬಿಸುವಷ್ಟು ಒಳ್ಳೆಯ ಮಣ್ಣಿದ್ದದ್ದು ಆ ಮೂಲೆಯಲ್ಲೇ. ಕ್ಲಾರೆನ್ಸನಿಗೆ ಮತ್ತೆ ತಡೆಯಲಾಗಲಿಲ್ಲ. ಮರುದಿನ ಮಣಿಪಾಲದ ಬಸ್ಸು ಬಿಟ್ಟು ಕುಶಲಕ್ಕನ ಮನೆಗೆ ನಡೆದ.

"ಕುಶಲಕ್ಕ, ಆ ಮೂಲೆ ಕೊಡಬೇಡಿ" ಎಂದ. "ಅದು ನನ್ನ ಗೋಲಲ್ಲ. ಕೂಳೆಗೆ ತಾಗಿ ತಿರುಗಿದ್ದು." ಹೇಳುವಾಗ ಅವರ ಮುಖ ನೋಡುವ ಧೈರ್ಯ ಇರಲಿಲ್ಲ.

ಕುಶಲಕ್ಕ ನಕ್ಕುಬಿಟ್ಟರು. ಊರಲ್ಲಿ ಕ್ರಿಶ್ಚನ್ನರನ್ನು ಕರೆಯುವ ಹಾಗೆ ಅವನನ್ನೂ ಪೊರ್ಬು ಎಂದೇ ಕರೆಯುತ್ತಿದ್ದರು. "ನನಗೆ ಗೊತ್ತುಂಟು ಪೊರ್ಬುಗಳೇ. ಆ ಸಾಲು ಕೊಯ್ದದ್ದು ನಮ್ಮ ಯಜಮಾನರೇ ಅಲ್ವಾ? ಅವತ್ತು ಬೆರಳಿಗೆ ಕತ್ತಿ ತಾಗಿ ಒಂದು ಬುಡ ಬಿಟ್ಟು ಎದ್ದಿದ್ದರು. ಮ್ಯಾಚು ಮುಗಿಸಿ ಬಂದವರು ಈ ಚಾವಡಿಯಲ್ಲಿ ಕುಣಿದದ್ದೇ ಕುಣಿದದ್ದು. 'ನನ್ನ ಕೂಳೆ ಗೋಲು ಹೊಡೆಯಿತು ಕುಶಲಾ! ಆದರೆ ಯಾರಿಗೂ ಹೇಳಬೇಡ. ಆ ಪೊರ್ಬು ಇಷ್ಟು ನಕ್ಕದ್ದನ್ನು ನಾನು ಇವತ್ತೇ ನೋಡಿದ್ದು' ಅಂದರು. ಸಾಯುವವರೆಗೆ ಬಾಯಿ ಬಿಡಲಿಲ್ಲ."

ಕ್ಲಾರೆನ್ಸನಿಗೆ ಅಳು ಬಂತು. ಭುಜಂಗಣ್ಣ ಪ್ರತಿ ವರ್ಷ ಬದುವಿನ ಮೇಲೆ ಕುಳಿತು, ಗೊತ್ತಿದ್ದೂ ಗೊತ್ತಿದ್ದೂ ಆ ಗೋಲಿನ ಕಥೆಯನ್ನು ಎಲ್ಲರಿಗಿಂತ ದೊಡ್ಡ ಸ್ವರದಲ್ಲಿ ಹೇಳುತ್ತಿದ್ದ.

ಕ್ಲಬ್ಬಿನ ಮೀಟಿಂಗಿನಲ್ಲಿ ಕ್ಲಾರೆನ್ಸ್ ಎದ್ದು ನಿಂತು ಎಲ್ಲ ಹೇಳಿದ. "ಸುಮ್ಮನೆ ಬುರುಡೆ ಬಿಡಬೇಡಿ" ಎಂದು ಉಮಾನಾಥ ರೇಗಿದ. ಕುಶಲಕ್ಕನ ಹೆಸರು ಬಂದ ಮೇಲೆ ಅವನೂ ನಂಬಲೇಬೇಕಾಯಿತು. ಪ್ರತಿಮೆಯ ಮಾತು ಅಲ್ಲಿಗೆ ಮುಗಿಯಿತು. ಬಸ್ಸಿಳಿಯುವಾಗ 'ಎಪ್ಪತ್ತಮೂರು' ಎಂದು ಕರೆಯುವವರೂ ಕಡಿಮೆಯಾದರು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಬಹಳವೇ ಆಯಿತು.

ಮುಂದಿನ ಸುಗ್ಗಿ ಕೊಯ್ಲಾದ ಮೇಲೆ ಗದ್ದೆಯನ್ನು ಆಟಕ್ಕೆ ಹದ ಮಾಡುವ ದಿನ ಬಂತು. ಕ್ಲಾರೆನ್ಸ್ ಹಾಸ್ಟೆಲಿಗೆ ರಜೆ ಹಾಕಿ, ಕತ್ತಿ ಹಿಡಿದು ಗದ್ದೆಗಿಳಿದ. ಗೋಲಿನ ಮುಂದಿನ ಕೂಳೆಯನ್ನೆಲ್ಲ ಸೊಂಟ ಬಗ್ಗಿಸಿ ತಾನೇ ಬುಡಕ್ಕೆ ಕೊಯ್ದ.

"ಕ್ಲಾರೆನ್ಸಣ್ಣ, ಅಲ್ಲಿ ಒಂದು ಬುಡ ಉಳಿಯಿತು" ಎಂದು ಕಂಬ ನೆಡುತ್ತಿದ್ದ ಉಮಾನಾಥ ಕೂಗಿದ. "ಚೆಂಡು ತಾಗ್ತದೆ!"

"ತಾಗಲಿ ಮಾರಾಯ" ಎಂದ ಕ್ಲಾರೆನ್ಸ್. "ಅದು ಭುಜಂಗಣ್ಣನದ್ದು."