ಚಿತ್ರದ ಹೊರಗೆ ನಿಂತವರು

ಅಕ್ಕನ ಅತ್ತೆಯ ಎಡಗಣ್ಣು ತುಸು ಕಿರಿದು. ಯಾರನ್ನಾದರೂ ನಂಬದಿದ್ದಾಗ ಅದು ಇನ್ನಷ್ಟು ಕಿರಿದಾಗುತ್ತಿತ್ತು. ಎಂಬತ್ತರ ದಶಕದಲ್ಲಿ, ಎಂ.ಎ. ಮುಗಿಸಿ ಅಕ್ಕನ ಬಾಣಂತನಕ್ಕೆಂದು ಅಮೆರಿಕದ ಮಿಲ್ಪಿಟಾಸ್‌ಗೆ ಹೋಗಿ ನಾಲ್ಕು ತಿಂಗಳಿದ್ದೆ. ಅಷ್ಟು ದಿನದಲ್ಲಿ ಆ ಕಣ್ಣು ಪೂರ್ತಿ ತೆರೆದದ್ದನ್ನು ನಾನು ಕಂಡದ್ದು ಮೊಮ್ಮಗಳ ತೊಟ್ಟಿಲ ಬಳಿ ಮಾತ್ರ.

ಮಂಡ್ಯದ ಕಡೆಯವರು. ಹಾಲಿನ ಡಬ್ಬದ ಮೇಲಿನ ತಾರೀಖನ್ನು ಭಾವ ಓದಿ ಹೇಳಿದರೂ ಮೂಸಿ ನೋಡದೆ ಒಲೆಗಿಡುತ್ತಿರಲಿಲ್ಲ. ಬಾಗಿಲು ತಟ್ಟಿದವರನ್ನು ಮೊದಲು ಕಿಟಕಿಯಿಂದ ನೋಡಿ, ಆಮೇಲೆ ಸರಪಳಿ ಹಾಕಿಕೊಂಡೇ ಬಾಗಿಲು ತೆರೆಯುತ್ತಿದ್ದರು. ನನಗೆ ನಗು ಬರುತ್ತಿತ್ತು.

ಒಂದು ಭಾನುವಾರ ಸಂಜೆ, ಅಕ್ಕನಿಗೆ ನಿದ್ದೆ ಮಾಡಲು ಬಿಟ್ಟು, ಭಾವ ನಮ್ಮನ್ನು ಗೋಲ್ಡನ್ ಗೇಟ್ ಸೇತುವೆ ನೋಡಲು ಕರೆದೊಯ್ದರು. ಮಗು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿತ್ತು. ಸಮುದ್ರದ ಗಾಳಿ ಕೊರೆಯುತ್ತಿತ್ತು. ಭಾವ ಇಂಜಿನ್ ಆರಿಸದೆ ಇಳಿದರು.

"ಕೀ ತಗೊಳ್ಳೋ," ಎಂದರು ಅತ್ತೆ.

"ಹೀಟರ್ ನಿಂತೋಗುತ್ತಮ್ಮ. ಮಗೂಗೆ ಶೀತ ಆದ್ರೆ? ಇಲ್ಲೇ ಹತ್ತು ಹೆಜ್ಜೆ ತಾನೆ."

ಶೀತ ಎಂದ ಮೇಲೆ ಅತ್ತೆ ಮಗುವಿನ ಹೊದಿಕೆ ಸರಿಮಾಡಿ ಇಳಿದರು.

ಕತ್ತಲು ಕವಿಯುತ್ತಿತ್ತು, ಸೇತುವೆಯ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ನಾನು ಫೋಟೋ ತೆಗೆಯುತ್ತಿದ್ದಾಗ ಒಳ್ಳೆಯ ಕೋಟು ತೊಟ್ಟವನೊಬ್ಬ ಬಂದು "ನಮಸ್ತೆ" ಎಂದ. ಎಲ್ಲರೂ ನಿಲ್ಲಿ, ನಾನು ತೆಗೆಯುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಭಾವ ಹಿಗ್ಗಿ ನನ್ನ ಕೈಯಿಂದ ಕ್ಯಾಮೆರಾ ತೆಗೆದು ಅವನಿಗೆ ಕೊಟ್ಟರು. ಸೇತುವೆ ಹಿಂದೆ ಬರಲಿ ಎಂದು ಅವನು ನಮ್ಮನ್ನು ಎಡಕ್ಕೆ ಸರಿಸಿದ. ಈಗ ಕಾರು ನಮ್ಮ ಬೆನ್ನ ಹಿಂದೆ.

ಅತ್ತೆ ಪಕ್ಕಕ್ಕೆ ಹೋಗಿ ಅವನ ಬಳಿಯೇ ನಿಂತರು. "ಮೂರ್ ಜನ ಒಟ್ಗೆ ನಿಂತ್ಕಬಾರ್ದು ಕಣವ್ವ. ಅಲ್ದೆ ಈ ಅಯ್ಯ ಯಾಕ್ ಇಷ್ಟೊಂದ್ ನಗ್ತಾನೆ?"

"ಎಲ್ರ ಮೇಲೂ ಅನುಮಾನ ಪಟ್ರೆ ಬದುಕೋದು ಹೇಗೆ ಅತ್ತೆ?" ಎಂದೆ ನಾನು.

ಕ್ಯಾಮೆರಾ ಕ್ಲಿಕ್ಕೆಂದಿತು. "ಅಯ್ಯೋ ಮಗಾ!" ಎಂದು ಅತ್ತೆ ಸೀರೆ ಎತ್ತಿಕೊಂಡು ನಮ್ಮನ್ನು ದಾಟಿ ಓಡಿದರು. ತಿರುಗಿದರೆ ಡ್ರೈವರ್ ಸೀಟಿನಲ್ಲಿ ಯಾರೋ ಒಬ್ಬ ಕುಳಿತಿದ್ದ. ಕಾರು ಹಿಂದಕ್ಕೆ ಚಲಿಸುತ್ತಿತ್ತು. ಅತ್ತೆ ತೆರೆದ ಬಾಗಿಲಿಗೆ ಜೋತುಬಿದ್ದು ಒಂದು ಕೈಯಲ್ಲಿ ಅವನ ಕೂದಲು ಹಿಡಿದರು. ಕಾರು ಅವರನ್ನು ಎಳೆದುಕೊಂಡೇ ಹೋಗಿ ಕಟ್ಟೆಗೆ ಬಡಿದು ನಿಂತಿತು. ಅವನು ಅತ್ತೆಯನ್ನು ತುಳಿದು ಇಳಿದು ಓಡಿದ. ಮಗು ಒಮ್ಮೆ ಕಣ್ಣು ಬಿಟ್ಟು ಮತ್ತೆ ನಿದ್ದೆಹೋಯಿತು. ಅತ್ತೆಯ ಮೊಣಕಾಲು ಮುರಿದಿತ್ತು.

ಕೋಟಿನವನು ಕಾಣಲಿಲ್ಲ. ಕ್ಯಾಮೆರಾ ಬೆಂಚಿನ ಮೇಲಿತ್ತು.

"ಪಾಪ, ಹೆದರಿ ಹೋಗಿರ್ಬೇಕು. ಕಳ್ಳ ಆಗಿದ್ರೆ ಕ್ಯಾಮೆರಾ ಬಿಡ್ತಿದ್ನಾ?" ಎಂದರು ಭಾವ, ಆಸ್ಪತ್ರೆಯಲ್ಲಿ.

"ಅವ್ನಿಗೆ ಬೇಕಾಗಿದ್ದು ಕ್ಯಾಮೆರಾ ಅಲ್ಲ ಕಣೋ," ಎಂದರು ಅತ್ತೆ.

ವಾರದ ನಂತರ ಪ್ರಿಂಟು ಬಂತು. ನನ್ನ ಭುಜದ ಹಿಂದೆ ಕಾರಿನ ಬಾಗಿಲು ಆಗಲೇ ತೆರೆದಿದೆ. ಒಂದು ಕಾಲು ಒಳಗಿದೆ. ಅದನ್ನು ನೋಡಿಯೂ ಕೋಟಿನವನು ಗುಂಡಿ ಒತ್ತಿದನೆ? ಅಥವಾ ನಮ್ಮ ಮುಖಗಳನ್ನಷ್ಟೇ ನೋಡುತ್ತಿದ್ದನೆ? ಇಂದಿಗೂ ಆ ಗಳಿಗೆಯನ್ನು ಮತ್ತೆ ಮತ್ತೆ ತಿರುವಿಹಾಕುತ್ತೇನೆ.

ಅತ್ತೆ ಚಿತ್ರವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. 'ನಾನು ಹೇಳಲಿಲ್ಲವೇ' ಎನ್ನುತ್ತಾರೆಂದು ತಲೆ ತಗ್ಗಿಸಿ ಕಾದೆ.

"ನೀನ್ ಚೆಂದಾಗ್ ಬಂದಿದ್ದೀಯ ಕಣವ್ವ. ಊರಿಗ್ ಕಳ್ಸು," ಎಂದರು.

ಕಳಿಸಲಿಲ್ಲ. ಕೊನೆಯವರೆಗೂ ಕೋಲೂರಿ ನಡೆದ ಅತ್ತೆ ತೀರಿಕೊಂಡು ವರ್ಷಗಳಾದವು. ತಪ್ಪಾಯಿತು ಎಂಬ ಒಂದು ಮಾತನ್ನು ಅವರಿಗೆ ಹೇಳಲು ನನ್ನಿಂದ ಆಗಲೇ ಇಲ್ಲ. ಆ ಚಿತ್ರದಲ್ಲಿ ನಾನು ನಗುತ್ತಿದ್ದೇನೆ. ಅತ್ತೆ ಎಲ್ಲೂ ಇಲ್ಲ.