ದೇವರಿಗೆ ಬಿಟ್ಟ ಮೀನು

ಸ್ನೇಹಿತರೇ, ನಮ್ಮನೆ ಅಕ್ವೇರಿಯಂನಲ್ಲಿ ಉಳಿದಿದ್ದ ಕೊನೇ ಗೋಲ್ಡ್‌ಫಿಶ್ಶನ್ನೂ ಇವತ್ತು ಬೆಳಿಗ್ಗೆ ನಾನೇ ತಂದಿದ್ದ ಆಸ್ಕರ್ ಅನ್ನೋ ಜಾತಿ ಮೀನು ನುಂಗಿ ಹಾಕ್ತು. ಅಂಗೈಗಿಂತ ದೊಡ್ಡದಾಗೈತೆ. ಪುಕ್ಕಟೆ ಕೊಡ್ತೀನಂದ್ರೂ ಯಾರಿಗೂ ಬೇಡ. ನನಗೆ ಮಾರಿದ ಅಂಗಡಿಯವನೇ, "ನನ್ನ ಮಿಕ್ಕ ಮೀನು ಬದುಕಬೇಕಲ್ಲ ಸಾರ್" ಅಂದ.

ಪಕ್ಕದ ಮನೆ ಮೆಕ್ಯಾನಿಕ್ ಬಾಷಾ ಭಾಯ್ ಹೇಳಿದ್ರು: "ಕೆರೆಗೆ ಮಾತ್ರ ಬಿಡಬೇಡ್ರಿ, ಅಲ್ಲಿರೋವನ್ನೂ ತಿಂತೈತೆ. ನೀರಿಗೆ ಲವಂಗದ ಎಣ್ಣೆ ಹಾಕಿದ್ರೆ ನೋವಿಲ್ದಂಗೆ ಹೋಗ್ತೈತಂತೆ."

ಎಣ್ಣೆ ತಂದೆ. ಅವ್ವ ಬಾಟಲಿ ಕಿತ್ಕೊಂಡ್ಲು.

"ಗಟ್ಟಿಮುಟ್ಟಾಗಿರೋ ಜೀವಾನ ಕೊಲ್ತೀಯೇನಲೇ?"

"ಪ್ರತಿ ಭಾನುವಾರ ಮೀನು ಹುರ್ಕೊಂಡು ತಿನ್ನಲ್ವೇನವ್ವ ನಾವು?"

"ಅದು ಹಸಿವಿಗೆ. ಇದು ನಿನ್ನ ಬೇಜಾರಿಗೆ."

ಹಂಗಂದೋಳೇ ಅಕ್ವೇರಿಯಂ ಗಾಜಿಗೆ ಮೂರು ಬೆರಳು ವಿಭೂತಿ ಎಳೆದು, "ದೇವರಿಗೆ ಬಿಟ್ಟೀನಿ" ಅಂದ್ಲು. ಮುಗೀತು. ನಮ್ಮ ಚಳ್ಳಕೆರೆ ಕಡೆ ದೇವರ ಎತ್ತನ್ನ ಮಾರಂಗಿಲ್ಲ, ಕೊಲ್ಲಂಗಿಲ್ಲ. ಅದನ್ನ ಕಾಯೋಕೆ ಕಿಲಾರಿ ಅಂತ ಒಬ್ಬ ಇರ್ತಾನೆ. ದೇವರ ಮೀನು ಅಂತ ಕೇಳಿದ್ದು ಮಾತ್ರ ಇವತ್ತೇ.

"ಇದಕ್ಕೆ ಕಿಲಾರಿ ಯಾರವ್ವ?"

"ಇನ್ಯಾರು, ತಂದೋನು."

ಮಧ್ಯಾಹ್ನ ಊಟಕ್ಕೆ ಕೂತ್ರೆ ಎಲ್ಲರ ತಟ್ಟೆಗೂ ಹುರಿದ ಮೀನು, ನನಗೆ ಅನ್ನ, ತಿಳಿಸಾರು. ಯಾಕೆ ಅಂತ ಕೇಳಿದ್ದಕ್ಕೆ ಅವ್ವ, "ಮೀನು ಕಾಯೋನು ಮೀನು ತಿಂತಾನೇನಲೇ?" ಅಂದ್ಲು.

ಗೋಲ್ಡ್‌ಫಿಶ್ ಅರಗಿಸ್ಕೊಂಡ ಆಸ್ಕರ್, ಗಾಜಿಗೆ ಮೂತಿ ಒತ್ತಿ ನನ್ನ ತಿಳಿಸಾರನ್ನೇ ನೋಡ್ತಿತ್ತು. ದೇವರ ಮೀನಿಗೆ ಯಾವ ಕಟ್ಟುಪಾಡೂ ಇಲ್ಲ ನೋಡ್ರಿ. ಸಸ್ಯಾಹಾರಿ ಆಗಿದ್ದು ನಾನೊಬ್ಬನೇ.